ಕಲ್ಲಿಗೂ ಮೊದಲು ಒಂದು ಅರ್ಜಿ ಇತ್ತು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಕಲಿಸುವ ಮೇಷ್ಟ್ರುಗಳಿಗೆ, ಮೇಡಂಗಳಿಗೆ ಕತ್ತಲಗೆರೆಯಿಂದ ಒಂದು ಬಹಿರಂಗ ಪತ್ರ



1830ರ ಆಗಸ್ಟ್ ತಿಂಗಳಲ್ಲಿ ಬಸವಾಪಟ್ಟಣದಲ್ಲಿ ಸೇರಿದ ರೈತರು ಸುತ್ತಲ ಸೀಮೆಗೆಲ್ಲ ಒಂದು ಪತ್ರ ಹೊರಡಿಸಿದರು. ಎಲ್ಲರೂ ಕೂಟಕ್ಕೆ ಬನ್ನಿ, ಕಂದಾಯದ ವಿಷಯ ಒಟ್ಟಾಗಿ ಮಾತಾಡೋಣ ಎಂಬುದು ಅದರ ತಾತ್ಪರ್ಯ. ಬಹಿರಂಗ ಪತ್ರ ಅಂದರೆ ಪೇಟೆಯ ಪತ್ರಿಕೆಗಳ ಶೋಕಿ ಎಂದುಕೊಂಡವರು ಗಮನಿಸಬೇಕು. ಕತ್ತಲಗೆರೆಯ ಮಗ್ಗುಲ ಊರಿನಿಂದ ಅಂಥದೊಂದು ಪತ್ರ ಹೊರಟು ಇನ್ನೂರು ವರ್ಷವಾಗುತ್ತ ಬಂತು. ಆ ಪತ್ರದಿಂದ ಶುರುವಾದ ಗಲಾಟೆ ತಣ್ಣಗಾಗುವ ಹೊತ್ತಿಗೆ ಮೈಸೂರಿನ ಆಡಳಿತವೇ ಮಹಾರಾಜರ ಕೈತಪ್ಪಿ ಹೋಗಿತ್ತು.

ಹತ್ತನೇ ತರಗತಿಯಲ್ಲಿ ಸಾಮೂಹಿಕ ವರ್ತನೆ ಮತ್ತು ಪ್ರತಿಭಟನೆಗಳ ಬಗ್ಗೆ ಪಾಠವಿದೆ. ಅದನ್ನು ವರ್ಷ ವರ್ಷ ಮಾಡುವವರು ನೀವು. ಚಿಪ್ಕೊ, ಅಪ್ಪಿಕೊ, ನರ್ಮದಾ ಅದರೊಳಗಿವೆ. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ ಬರುತ್ತದೆ, ಮಕ್ಕಳು ಉರು ಹೊಡೆದು ಬರೆಯುತ್ತಾರೆ, ಅಂಕ ಬರುತ್ತದೆ. ಅದೇ ಮಕ್ಕಳು ಸಂಜೆ ಮನೆಗೆ ಹೋದರೆ ನಾಲೆ ನೀರಿಗಾಗಿ ಅಪ್ಪ ರಸ್ತೆ ತಡೆಗೆ ಹೋಗಿರುತ್ತಾನೆ, ಅಣ್ಣನ ಮೊಬೈಲಿನಲ್ಲಿ ಯಾವುದೋ ಊರಿನ ಕಲ್ಲು ತೂರಾಟದ ವಿಡಿಯೊ ಓಡುತ್ತಿರುತ್ತದೆ. ಪಾಠಕ್ಕೂ ಇದಕ್ಕೂ ಸಂಬಂಧ ಉಂಟೆಂದು ಮಕ್ಕಳಿಗೆ ತೋರಿಸಿಕೊಡುವವರು ಯಾರು? ನಿಮ್ಮನ್ನು ಬಿಟ್ಟರೆ ಉಳಿಯುವುದು ಆ ಮೊಬೈಲು ಮಾತ್ರ.

ಈ ಪತ್ರದ ಕೋರಿಕೆ ಇಷ್ಟೇ. ಹೋರಾಟದ ಪಾಠವನ್ನು ಹತ್ತಿರದ ಊರುಗಳಿಂದ ಶುರು ಮಾಡಿ, ಮತ್ತು ಅರ್ಧ ಹೇಳಿ ನಿಲ್ಲಿಸಬೇಡಿ. ಗುಂಪು ಸೇರುವುದಕ್ಕೆ ಮೊದಲು ಯಾರು ಯಾರಿಗೆ ಏನು ಬರೆದುಕೊಂಡಿದ್ದರು, ಅದಕ್ಕೆ ಉತ್ತರ ಬಂತೇ, ಆಮೇಲೆ ಏನಾಯಿತು, ಕೊನೆಗೆ ಯಾರು ಏನು ತೆತ್ತರು ಎಂಬುದೆಲ್ಲ ತರಗತಿಗೆ ಬರಲಿ.

ಬಸವಾಪಟ್ಟಣದ ಕೂಟವನ್ನೇ ತೆಗೆದುಕೊಳ್ಳಿ. ಮೂರನೇ ಕೃಷ್ಣರಾಜ ಒಡೆಯರ ಕಾಲ. ಅಮಲ್ದಾರರು ಇಂತಿಷ್ಟು ಕಂದಾಯ ಎತ್ತಿ ಕೊಡುತ್ತೇವೆಂದು ಸರ್ಕಾರಕ್ಕೆ ಮುಚ್ಚಳಿಕೆ ಬರೆದುಕೊಡುವ ಶರ್ತಿ ಪದ್ಧತಿ ನಡೆಯುತ್ತಿತ್ತು. ವಸೂಲಿ ಕಡಿಮೆಯಾದರೆ ಅಮಲ್ದಾರನೇ ತುಂಬಬೇಕು. ತನ್ನ ಜೇಬಿನಿಂದ ತುಂಬುವ ಅಮಲ್ದಾರ ಯಾವ ಕಾಲದಲ್ಲಿದ್ದ? ಹಿಂಡುವುದು ರೈತನನ್ನೇ. ಇದರ ಮೇಲೆ ನಗರ ಸೀಮೆಯ ಫೌಜುದಾರ ರಾಮರಾವ್ ಮನ್ನಾ ಮಾಡಿದ್ದ ಹಳೆ ಬಾಕಿ ಮೋಸದ ಮನ್ನಾ ಎಂದು ಮುಂದೆ ಬಂದ ಅಧಿಕಾರಿಗಳು ಆ ಬಾಕಿಯನ್ನು ಮತ್ತೆ ಕೇಳತೊಡಗಿದರು. ತೆರಿಗೆಗಳಾದರೂ ಎಂಥವು! ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ ಇನ್ನೊಂದು. ಯಾವನೋ ಪಾಳೇಗಾರನ ಕುದುರೆ ತಪ್ಪಿಸಿಕೊಂಡಾಗ ಅದನ್ನು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ಒಂದು ಊರಿನವರು ತಲೆಮಾರು ಕಳೆದರೂ ತೆರಿಗೆ ಕಟ್ಟುತ್ತಿದ್ದರು. ನಗರ ಸೀಮೆಯಲ್ಲಿ ಒಂದು ಕಡೆ ಕೈ ಬೀಸಿಕೊಂಡು ನಡೆದರೂ ದುಡ್ಡು ಕೊಡಬೇಕಿತ್ತು. ಇದನ್ನು ಬರೆದಿಟ್ಟವರು ಮೈಸೂರು ಗೆಜೆಟಿಯರ್‌ನ ಬಿ.ಎಲ್. ರೈಸ್. ಎಂಟನೇ ತರಗತಿಯ ಕೊನೆಯ ಬೆಂಚಿನಲ್ಲಿ ನಿದ್ದೆ ಹೋಗುವ ಹುಡುಗ ಕೂಡ ಈ ಕುದುರೆ ತೆರಿಗೆಗೆ ಕಣ್ಣು ಬಿಡುತ್ತಾನೆ.

ಕೂಟ ಸೇರಿದವರು ಮೊದಲು ಕೇಳಿದ್ದು ತಮ್ಮ ದೂರು ಆಲಿಸಿ ಎಂದು. ಕಂದಾಯ ಕೊಡುವುದನ್ನು ನಿಲ್ಲಿಸಿದರು, ಅಧಿಕಾರಿಗಳ ಮುಂದೆ ಗುಂಪುಗೂಡಿ ನಿಂತರು. ಹೊಳೆಹೊನ್ನೂರಿನಲ್ಲಿ ಸೇರಿದ್ದವರನ್ನು ಆ ವರ್ಷದ ಡಿಸೆಂಬರಿನಲ್ಲಿ ಬಲ ಪ್ರಯೋಗಿಸಿ ಚದುರಿಸಿದರು. ಅಷ್ಟರಲ್ಲಿ ತಾನೇ ನಗರ ಸೀಮೆಯ ಅರಸು ಮನೆತನದ ವಾರಸುದಾರನೆಂದು ಹೇಳಿಕೊಂಡ ಬೂದಿ ಬಸವಪ್ಪ ಮುಂದೆ ಬಂದಿದ್ದ. ತರೀಕೆರೆಯ ಪಾಳೇಗಾರ ರಂಗಪ್ಪನಾಯಕನೂ ಸೇರಿಕೊಂಡ. ಕಂದಾಯದ ತಕರಾರು ಕೋಟೆ ಹಿಡಿಯುವ ಯುದ್ಧಕ್ಕೆ ತಿರುಗಿತು. ಲೂಟಿ ಆಯಿತು, ಹೊನ್ನಾಳಿ ಕೋಟೆಗೆ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಬಂತು, ಹಿಡಿದವರನ್ನು ನೇಣಿಗೆ ಹಾಕಿದರು. ಅದೇ ಚಳಿಗಾಲದಲ್ಲಿ ಘಟ್ಟದ ಕೆಳಗೆ ಮಂಗಳೂರಿನ ಕದ್ರಿಯಲ್ಲೂ ರೈತರು ಕೂಟ ಸೇರಿದ್ದರು. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮೈಸೂರಿನ ಆಡಳಿತವನ್ನು ತೆಗೆದುಕೊಂಡ. ಅದು ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ, ಐವತ್ತು ವರ್ಷದ ಮೇಲೆ.

ರೈತರು ಗೆದ್ದರೇ ಸೋತರೇ ಎಂದು ತರಗತಿಯಲ್ಲಿ ಕೇಳಿ ನೋಡಿ. ಕೇಳಿದ್ದು ಕಂದಾಯದ ರಿಯಾಯಿತಿ, ಬಂದದ್ದು ಕಂಪನಿಯ ಆಳ್ವಿಕೆ. ಆದರೆ ಆ ಆಳ್ವಿಕೆಯ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ 700ಕ್ಕೂ ಹೆಚ್ಚು ಸಣ್ಣಪುಟ್ಟ ತೆರಿಗೆಗಳು ರದ್ದಾದವು. ದಂಗೆಯ ಕಾರಣ ಹುಡುಕಲು ನೇಮಿಸಿದ ಹಾಕರ್ ಸಮಿತಿ 1833ರ ಕೊನೆಯಲ್ಲಿ ಕೊಟ್ಟ ವರದಿ ದುರಾಡಳಿತವನ್ನು ಮುಚ್ಚಿಡಲಿಲ್ಲ. ಆ ವರದಿಯಿಂದ ಕಂಪನಿಗೆ ಲಾಭವಿತ್ತಲ್ಲವೇ ಎಂದು ಚುರುಕಾದ ಹುಡುಗಿಯೊಬ್ಬಳು ಕೇಳಿದರೆ, ಅವತ್ತಿನ ಪಾಠ ಸಾರ್ಥಕ. ಹೊದಿಗೆರೆಯಲ್ಲಿ ಶಹಾಜಿಯ ಸಮಾಧಿ ಇರುವುದು ಚನ್ನಗಿರಿಯ ಮಕ್ಕಳಿಗೆ ಗೊತ್ತು. ಅದೇ ತಾಲ್ಲೂಕಿನ ಬಸವಾಪಟ್ಟಣದ ಕೋಟೆ ಬುಡದಲ್ಲಿ ಹೆಸರು ದಾಖಲಾಗದ ರೈತರು ಮೈಸೂರಿನ ಇತಿಹಾಸವನ್ನೇ ಬೇರೆ ದಾರಿಗೆ ಹೊರಳಿಸಿದ್ದು ಅವರಿಗೆ ಗೊತ್ತಿದೆಯೇ?

ಈಗ ಕಷ್ಟದ ಮಾತಿಗೆ ಬರೋಣ. ಹಳೆಯದನ್ನು ಹೇಳುವುದು ಸುಲಭ, ಸತ್ತವರು ಜಗಳಕ್ಕೆ ಬರುವುದಿಲ್ಲ.

2024ರ ಮೇ 24ರ ರಾತ್ರಿ ಚನ್ನಗಿರಿಯಲ್ಲಿ ನಡೆದದ್ದನ್ನು ನಿಮ್ಮ ವಿದ್ಯಾರ್ಥಿಗಳು ಬಲ್ಲರು. ಮಟ್ಕಾ ಆರೋಪದ ಮೇಲೆ ಪೊಲೀಸರು ಠಾಣೆಗೆ ಕರೆತಂದಿದ್ದ ಯುವಕನೊಬ್ಬ ತೀರಿಕೊಂಡ. ಪೊಲೀಸರ ವಶದಲ್ಲಿದ್ದಾಗಲೇ ಸತ್ತ ಎಂದು ಆತನ ಕಡೆಯವರು ಆರೋಪಿಸಿದರು. ಗುಂಪು ಠಾಣೆಗೆ ನುಗ್ಗಿತು. ಕಲ್ಲು ಬಿದ್ದವು, ವಾಹನಗಳು ಮಗುಚಿದವು, ಪೊಲೀಸ್ ಸಿಬ್ಬಂದಿಗೆ ಗಾಯಗಳಾದವು. ಪ್ರಕರಣ ದಾಖಲಿಸದೆ ಆತನನ್ನು ಠಾಣೆಗೆ ಕರೆತಂದದ್ದು ತಪ್ಪು ಎಂದು ಮುಖ್ಯಮಂತ್ರಿಗಳೇ ಹೇಳಿದರು. ಡಿವೈಎಸ್‌ಪಿ ಮತ್ತು ಇನ್‌ಸ್ಪೆಕ್ಟರ್ ಅಮಾನತಾದರು, ತನಿಖೆ ಸಿಐಡಿಗೆ ಹೋಯಿತು. ಕಲ್ಲು ತೂರಿದವರ ಮೇಲೂ ಪ್ರಕರಣಗಳಾದವು, ಹಲವರು ಜೈಲು ಸೇರಿದರು.

ಶಾಲೆಗಳು ತೆರೆದಾಗ ಇದರ ಬಗ್ಗೆ ಮೌನವಾಗಿರುವುದೇ ಜಾಣತನ ಎಂದು ಹಲವರಿಗೆ ಅನ್ನಿಸಿದ್ದರೆ ಅದು ಅರ್ಥವಾಗುವ ಮಾತು. ತರಗತಿಯಲ್ಲಿ ಎರಡೂ ಕಡೆಯ ಮಕ್ಕಳಿರುತ್ತಾರೆ. ಪೊಲೀಸ್ ಕ್ವಾರ್ಟರ್ಸಿನ ಮಗಳೂ ಇರುತ್ತಾಳೆ, ಬಂಧಿತನ ತಮ್ಮನೂ ಇರಬಹುದು. ಸತ್ತವನ ಧರ್ಮವನ್ನೋ ಗುಂಪಿನ ಧರ್ಮವನ್ನೋ ಹಿಡಿದು ಮಾತಾಡುವವರಿಗಂತೂ ಬರವೇ ಇರಲಿಲ್ಲ. ಆದರೆ ಮೇಷ್ಟ್ರು ಬಾಯಿ ಬಿಡದಿದ್ದರೆ ವಿಷಯ ತಣ್ಣಗಾಗುವುದಿಲ್ಲ, ಬೇರೆಯವರ ಬಾಯಿಗೆ ಹೋಗುತ್ತದೆ. ಇಲ್ಲಿ ಯಾರ ಪರ ನಿಲ್ಲಬೇಕಾಗಿಯೂ ಇಲ್ಲ, ಸಂವಿಧಾನದ ಪುಟ ತೆರೆದರೆ ಸಾಕು. 22ನೇ ವಿಧಿ ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಅನ್ನುತ್ತದೆ. ಬಂಧಿಸುವಾಗ ಏನೇನು ಪಾಲಿಸಬೇಕೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಪಟ್ಟಿಯನ್ನೇ ಕೊಟ್ಟಿದೆ. 19ನೇ ವಿಧಿ ಶಾಂತಿಯುತವಾಗಿ, ಆಯುಧವಿಲ್ಲದೆ ಸಭೆ ಸೇರುವ ಹಕ್ಕು ಕೊಡುತ್ತದೆ. 51ಎ ವಿಧಿ ಸಾರ್ವಜನಿಕ ಆಸ್ತಿ ಕಾಪಾಡುವುದನ್ನೂ ಹಿಂಸೆ ಬಿಡುವುದನ್ನೂ ಕರ್ತವ್ಯವೆಂದು ಹೇಳುತ್ತದೆ. ಪೊಲೀಸರಿಗೊಂದು ಗೆರೆ, ಗುಂಪಿಗೊಂದು ಗೆರೆ. ಆ ರಾತ್ರಿ ಯಾವ ಗೆರೆ ಎಲ್ಲಿ ದಾಟಿತು ಎಂದು ಮಕ್ಕಳೇ ಹುಡುಕಲಿ. ಹತ್ತನೇ ತರಗತಿಯವರು ಇದನ್ನು ನೀವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಮಾಡುತ್ತಾರೆ.

ಇನ್ನೊಂದು ಕಾರಣಕ್ಕೂ ಇದು ಬೇಕು. ಗಲಾಟೆಯ ರಾತ್ರಿ ನೋಡಲು ಹೋದವನು, ವಿಡಿಯೊ ಮಾಡಿ ಗ್ರೂಪಿಗೆ ಹಾಕಿದವನು, ಸ್ನೇಹಿತನ ಬೈಕಿನ ಹಿಂದೆ ಕೂತವನು ಎಲ್ಲರೂ ಪ್ರಕರಣದೊಳಗೆ ಸಿಕ್ಕಿಕೊಳ್ಳಬಹುದು. ಐದು ಅಥವಾ ಹೆಚ್ಚು ಜನ ಸೇರಿ ಕಾನೂನುಬಾಹಿರ ಗುಂಪಾದಾಗ ಕಲ್ಲು ಎತ್ತದವನಿಗೂ ಹೊಣೆ ತಟ್ಟಬಹುದೆಂಬುದು ಹದಿನೇಳರ ಹುಡುಗನಿಗೆ ಮೊದಲೇ ಗೊತ್ತಿರಬೇಕು. ಜಾಮೀನಿಗೆ ಅಡಿಕೆ ಮಾರಿದ ಅಪ್ಪನಿಂದ ಅದನ್ನು ಕಲಿಯುವುದು ಬೇಡ.

ಈಸೂರನ್ನು ನೀವು ಹೇಗೂ ಹೇಳಿಕೊಡುತ್ತೀರಿ. ಹೊನ್ನಾಳಿ, ನ್ಯಾಮತಿಯವರಿಗೆ ಅದು ಪಕ್ಕದ ಶಿಕಾರಿಪುರ ತಾಲ್ಲೂಕಿನ ಊರು. 1942ರ ಸೆಪ್ಟೆಂಬರಿನಲ್ಲಿ ಊರವರು ತಮ್ಮದೇ ಸರ್ಕಾರ ಸಾರಿದರು. ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ಅವರು ನೇಮಿಸಿದ್ದು ಇಬ್ಬರು ಹುಡುಗರನ್ನು, ಅಂದರೆ ನಿಮ್ಮ ವಿದ್ಯಾರ್ಥಿಗಳ ಆಸುಪಾಸಿನ ವಯಸ್ಸಿನವರನ್ನು. ಈ ಭಾಗ ಮಕ್ಕಳಿಗೆ ಬಲು ಇಷ್ಟ. ಮುಂದಿನದನ್ನು ಹೇಳುವಾಗ ಸಾಮಾನ್ಯವಾಗಿ ದನಿ ತಗ್ಗುತ್ತದೆ. ಊರಿಗೆ ಬಂದ ನಿಜವಾದ ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಘರ್ಷಣೆಯಲ್ಲಿ ಕೊಲೆಯಾದರು. ಆಮೇಲೆ ಸೇನೆ ಬಂತು, ಜನ ಕಾಡು ಸೇರಿದರು, ಮನೆಗಳು ಹಾಳಾದವು, ಹೆಂಗಸರೂ ಸೇರಿ ಹಲವರಿಗೆ ಜೀವಾವಧಿ ಶಿಕ್ಷೆಯಾಯಿತು. 1943ರ ಮಾರ್ಚಿನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಬೆಂಗಳೂರಿನ ಜೈಲಿನಲ್ಲಿ ನೇಣಿಗೇರಿಸಿದರು. ಐವರ ತ್ಯಾಗವನ್ನು ಹೇಳಿ, ಸತ್ತ ಇಬ್ಬರು ಅಧಿಕಾರಿಗಳನ್ನು ಬಿಟ್ಟುಬಿಟ್ಟರೆ ಮಕ್ಕಳು ಕಲಿಯುವುದು ಏನು? ನಮ್ಮವರು ಮಾಡಿದರೆ ಲೆಕ್ಕಕ್ಕಿಲ್ಲ ಎಂದು. ಹೇಳಿದರೆ ಈಸೂರಿನ ಗೌರವ ಕಡಿಮೆಯಾಗುತ್ತದೆ ಎಂಬ ಅಂಜಿಕೆ ಬೇಡ. ಅದು ಎಷ್ಟು ಬಿಗಿಯಾದ ಗಳಿಗೆಯಾಗಿತ್ತು ಎಂಬುದು ಆಗಲೇ ಅರ್ಥವಾಗುವುದು.

ಈಸೂರಾಗಿ ಎಂಟೊಂಬತ್ತು ವರ್ಷಕ್ಕೆ ಅದೇ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಕಾಗೋಡು ಸತ್ಯಾಗ್ರಹ ನಡೆಯಿತು. 1951ರ ಏಪ್ರಿಲಿನಲ್ಲಿ ಗೇಣಿದಾರರು ಭೂಮಾಲೀಕರ ಹೊಲಕ್ಕೆ ನೇಗಿಲು ಹಿಡಿದು ಇಳಿದು ಬಂಧನಕ್ಕೊಳಗಾದರು. ಜಗಳದ ನಡುವೆ ಇದ್ದದ್ದು ಒಂದು ಅಳತೆಯ ಪಾತ್ರೆ. ಗೇಣಿ ಭತ್ತ ಅಳೆಯಲು ಭೂಮಾಲೀಕರು ಬಳಸುತ್ತಿದ್ದ ಕೊಳಗ ರೂಢಿಯ ಕೊಳಗಕ್ಕಿಂತ ದೊಡ್ಡದು. ಗಣಿತದ ಮೇಷ್ಟ್ರನ್ನೂ ಕರೆದುಕೊಳ್ಳಿ. ಕೊಳಗಕ್ಕೆ ಅರ್ಧ ಸೇರು ಹೆಚ್ಚು ಎಂದಿಟ್ಟುಕೊಂಡರೆ ನೂರು ಕೊಳಗ ಅಳೆಯುವಾಗ ರೈತ ಕಳೆದುಕೊಳ್ಳುವುದು 50 ಸೇರು. ಶಾಲೆಯ ಬಿಸಿಯೂಟದ ಅಕ್ಕಿಯ ಲೆಕ್ಕ ಬಲ್ಲ ಮಕ್ಕಳಿಗೆ ಶೋಷಣೆ ಎಂದರೇನೆಂದು ಬೇರೆ ವ್ಯಾಖ್ಯಾನ ಬೇಕಿಲ್ಲ. ಎಚ್. ಗಣಪತಿಯಪ್ಪ ರೈತರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಸಮಾಜವಾದಿ ಪಕ್ಷವನ್ನು ಬೆನ್ನಿಗೆ ತಂದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮಾರನೇ ವರ್ಷ ಗೋಪಾಲಗೌಡರು ಶಾಸಕರಾದರು. ಆದರೂ ಉಳುವವನಿಗೆ ಹೊಲ ಸಿಗುವ ಕಾನೂನು ಗಟ್ಟಿಯಾದದ್ದು 1974ರಲ್ಲಿ, ದೇವರಾಜ ಅರಸು ಕಾಲಕ್ಕೆ. ನಡುವೆ 23 ವರ್ಷ. ರೀಲ್ಸ್ ನೋಡಿ ಮೂವತ್ತು ಸೆಕೆಂಡಿನಲ್ಲಿ ನ್ಯಾಯ ಬಯಸುವ ವಯಸ್ಸಿನವರಿಗೆ ಆ ನಡುವಿನ ವರ್ಷಗಳನ್ನೇ ಹೆಚ್ಚು ಹೇಳಬೇಕು.

ವಿದ್ಯಾರ್ಥಿಗಳೇ ತಪ್ಪು ಕಡೆ ನಿಂತ ಉದಾಹರಣೆಯೂ ಇರಲಿ. 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದದ್ದಕ್ಕೆ ಕಾಲೇಜು ಹುಡುಗರು ಬೀದಿಗಿಳಿದರು. ಪ್ರತಿಭಟನೆ ದಲಿತ ವಿದ್ಯಾರ್ಥಿಗಳ ಮೇಲಿನ ಹಲ್ಲೆಗೆ ತಿರುಗಿತು, ಸಚಿವರು ರಾಜೀನಾಮೆ ಕೊಡಬೇಕಾಯಿತು. ಆ ಏಟಿನಿಂದ ಎದ್ದದ್ದು ದಲಿತ ಸಂಘರ್ಷ ಸಮಿತಿ. ಅದನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ನಮ್ಮದೇ ದಾವಣಗೆರೆ ಜಿಲ್ಲೆಯ ಹರಿಹರದವರು, ಭದ್ರಾವತಿಯಲ್ಲಿ ಕನ್ನಡದ ಮೇಷ್ಟ್ರು. 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯ ವಿರುದ್ಧ ನಿಂತು ಭಕ್ತರ ಗುಂಪಿನ ಕೈಯಲ್ಲಿ ಪೆಟ್ಟು ತಿಂದವರಲ್ಲಿ ಈ ಸಂಘಟನೆಯ ಕಾರ್ಯಕರ್ತರೂ ಇದ್ದರು. ಅಲ್ಲಿ ಪೊಲೀಸರ ಬಟ್ಟೆಯನ್ನೂ ಗುಂಪು ಬಿಡಲಿಲ್ಲ. ಆ ಸೇವೆ ನಿಷೇಧವಾದದ್ದು ಇದರ ನಂತರ.

ಹರಿಹರದ ಹೆಸರು ಬಂತಲ್ಲ, ಕುಸನೂರನ್ನೂ ಸೇರಿಸಿಕೊಳ್ಳಿ. ಹರಿಹರ ಪಾಲಿಫೈಬರ್ಸ್‌ಗೆ ನೀಲಗಿರಿ ಒದಗಿಸಲು ಸರ್ಕಾರ ಮತ್ತು ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆ ಮಾಡಿ ಗೋಮಾಳಗಳನ್ನು ಅದಕ್ಕೆ ಬಿಟ್ಟುಕೊಟ್ಟವು. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠ್ ಮತ್ತು ಜೊತೆಗಾರರು ಅರ್ಜಿಗಳನ್ನು ಕೊಟ್ಟರು, ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದರು. ಆಮೇಲೆ 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತು ಊರಿಗೆ ಬೇಕಾದ ಗಿಡಗಳನ್ನು ನೆಟ್ಟರು. ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ ಎಂದೇ ಅದಕ್ಕೆ ಹೆಸರು. 1991ರಲ್ಲಿ ಆ ಸಂಸ್ಥೆಯನ್ನು ಮುಚ್ಚಲಾಯಿತು. ಕಾನೂನು ಮುರಿಯುತ್ತೇವೆಂದು ಮೊದಲೇ ಹೇಳಿ, ಹಗಲಲ್ಲಿ, ಮುಖ ತೋರಿಸಿಕೊಂಡು ಮುರಿದ ಜನ ಅವರು. ಠಾಣೆಗೆ ಕಲ್ಲು ತೂರಿದ ರಾತ್ರಿಯ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ದೊಂಬಿಗೂ ಚಳವಳಿಗೂ ಇರುವ ವ್ಯತ್ಯಾಸವನ್ನು ಕಪ್ಪು ಹಲಗೆಯ ಮೇಲೆ ಬರೆಸಬೇಕಾಗಿಲ್ಲ.

ಇಷ್ಟಾದರೂ ಕತ್ತಲಗೆರೆಯ ಮಕ್ಕಳಿಗೆ ಎಲ್ಲಕ್ಕಿಂತ ಹತ್ತಿರದ ಜಗಳ ನಾಲೆಯದು. ಲಕ್ಕವಳ್ಳಿಯ ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ, ಹಿಡಿಯುವ ನೀರು 71.5 ಟಿಎಂಸಿ. ಮಳೆಗಾಲದಲ್ಲಿ ಈ ಎರಡು ಅಂಕಿ ಇಲ್ಲದೆ ನಮ್ಮ ಕಡೆ ಚಹಾ ಅಂಗಡಿಯ ಮಾತು ಮುಗಿಯುವುದಿಲ್ಲ. 2023ರ ಬರದ ವರ್ಷ ನೂರು ದಿನ ಸತತ ನೀರು ಎಂದು ಮೊದಲು ತೀರ್ಮಾನವಾಗಿ, ನಾಟಿ ಮುಗಿದ ಮೇಲೆ ನಾಲೆ ನಿಲ್ಲಿಸುವ, ಬಿಟ್ಟು ಬಿಟ್ಟು ಹರಿಸುವ ಮಾತು ಬಂತು. ಭತ್ತದವರು ರಸ್ತೆಗಿಳಿದರು, ಸೆಪ್ಟೆಂಬರಿನಲ್ಲಿ ದಾವಣಗೆರೆ ಬಂದ್ ಆಯಿತು. ಆದರೆ ಬೇಸಿಗೆಗೆ ನೀರು ಉಳಿಸಿ ಎಂದು ಶಿವಮೊಗ್ಗ ಕಡೆಯ ತೋಟದವರು ಕೇಳುತ್ತಿದ್ದರು, ಅವರೂ ರೈತರೇ. ಜಗಳೂರಿನವರಿಗೆ ಈ ಜಗಳದಲ್ಲಿ ಜಾಗವೇ ಇರಲಿಲ್ಲ. ಅವರು ಕಾಯುತ್ತಿದ್ದದ್ದು ಭದ್ರಾ ಮೇಲ್ದಂಡೆಗೆ. ಆ ಯೋಜನೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಗಿತ್ತು. ತುಂಗಭದ್ರೆಯಿಂದ 57 ಕೆರೆ ತುಂಬಿಸುವ ಯೋಜನೆಗೂ ಅವರು ವರ್ಷಗಟ್ಟಲೆ ದನಿ ಎತ್ತಿದವರು.

ಒಂದೇ ಭದ್ರೆಯ ನೀರಿಗೆ ಮೂರು ನ್ಯಾಯ. ಒಂದು ದಿನ ತರಗತಿಯನ್ನೇ ನೀರಾವರಿ ಸಲಹಾ ಸಮಿತಿ ಮಾಡಿ. ಕತ್ತಲಗೆರೆಯ ಭತ್ತದವನ ಮಗನಿಗೆ ಜಗಳೂರಿನ ಮೆಕ್ಕೆಜೋಳದವನ ಪಾತ್ರ ಕೊಡಿ, ತೋಟವಿರುವ ಮನೆಯ ಹುಡುಗಿಗೆ ನಾಲೆಯ ಕೊನೆ ಭಾಗದ ರೈತ ಮಹಿಳೆಯ ಪಾತ್ರ ಕೊಡಿ, ಒಬ್ಬ ಎಂಜಿನಿಯರ್ ಆಗಲಿ, ಒಬ್ಬಳು ಜಿಲ್ಲಾಧಿಕಾರಿಯಾಗಲಿ. ಎಲ್ಲರೂ ಮೊದಲು ಒಂದೊಂದು ಅರ್ಜಿ ಬರೆಯಬೇಕು, ಅದಕ್ಕೆ ಲಿಖಿತ ಉತ್ತರ ಬರಬೇಕು. ಉತ್ತರ ಬಾರದಿದ್ದರೆ ಮುಂದೇನು ಮಾಡುತ್ತೀರಿ ಎಂಬ ಚರ್ಚೆಗೆ ಮುಂದಿನ ಪಿರಿಯಡ್ಡನ್ನು ಬಿಟ್ಟುಕೊಡಿ. ಧರಣಿಯೇ, ಪಾದಯಾತ್ರೆಯೇ, ಕೋರ್ಟೇ, ಬಂದ್ ಆದರೆ ಆ ದಿನದ ಕೂಲಿಯವನ ಗತಿ ಏನು ಎಂಬುದೆಲ್ಲ ಅವರ ಬಾಯಿಂದಲೇ ಬರಲಿ.

ರಾಜಕೀಯ ಮಾಡುತ್ತಿದ್ದಾರೆ ಎಂದು ಯಾರಾದರೂ ಎಸ್‌ಡಿಎಂಸಿಗೆ ದೂರು ಕೊಟ್ಟರೆ? ಕೊಡಬಹುದು. ಸರ್ಕಾರಿ ನೌಕರರಿಗೆ ನಡತೆ ನಿಯಮಗಳಿವೆ, ಚಳವಳಿಗೆ ಮಕ್ಕಳನ್ನು ಕರೆದೊಯ್ಯುವಂತಿಲ್ಲ, ಒಯ್ಯಲೂ ಬಾರದು. ಆದರೆ ಪಠ್ಯದಲ್ಲಿರುವ ಪಾಠಕ್ಕೆ ಪಕ್ಕದೂರಿನ ಉದಾಹರಣೆ ಕೊಡುವುದು ಚಳವಳಿಯಲ್ಲ. ಎರಡೂ ಕಡೆಯ ಪತ್ರಿಕಾ ವರದಿ, ಆದೇಶದ ಪ್ರತಿ, ಸಂವಿಧಾನದ ವಿಧಿ ಮೇಜಿನ ಮೇಲಿಟ್ಟು ಮಾಡಿದ ಪಾಠದ ಬಗ್ಗೆ ಬಿಇಒ ಸಾಹೇಬರಿಗೂ ವಿವರಿಸುವುದು ಕಷ್ಟವಾಗದು. ತಾಲ್ಲೂಕಿನ ಸಮಾಜ ವಿಜ್ಞಾನ ಶಿಕ್ಷಕರು ಒಟ್ಟಾಗಿ ಮೊದಲೇ ಅವರ ಗಮನಕ್ಕೆ ತಂದುಬಿಟ್ಟರೆ ಇನ್ನೂ ಒಳ್ಳೆಯದು. ಒಬ್ಬರ ಹೆಗಲ ಮೇಲೆ ಬೀಳುವುದಿಲ್ಲ.

ಬಸವಾಪಟ್ಟಣದ ಕೋಟೆಗೆ ಮಕ್ಕಳನ್ನು ಕರೆತರುವುದಾದರೆ ದಸರಾ ರಜೆಗೆ ಮೊದಲಿನ ಯಾವುದಾದರೂ ಶನಿವಾರ ಅನುಕೂಲ, ಬೆಳಗಿನ ಶಾಲೆ ಮುಗಿಸಿ ಹೊರಟರೆ ಸಂಜೆಗೆ ವಾಪಸಾಗಬಹುದು. ಸರ್ಕಾರಿ ಬಸ್ಸಾದರೆ ಹುಡುಗಿಯರಿಗೆ ಟಿಕೆಟ್ ಇಲ್ಲ, ಹುಡುಗರಿಗಿದೆ, ಆ ಬಗ್ಗೆಯೂ ಬಸ್ಸಿನಲ್ಲಿ ಒಂದು ವಾದ ಖಂಡಿತ ನಡೆಯುತ್ತದೆ, ತಡೆಯಬೇಡಿ. ಜಗಳೂರಿನವರಿಗೆ ದೂರವಾಗುತ್ತದೆ. ಅವರು ತಮ್ಮೂರ ಕೆರೆಗೆ ನೀರು ತರಲು ಯಾರು ಯಾವ ವರ್ಷ ಯಾವ ಕಚೇರಿಗೆ ಅರ್ಜಿ ಕೊಟ್ಟರೆಂದು ಅಜ್ಜ ಅಜ್ಜಿಯರನ್ನು ಕೇಳಿ ಬರೆದುಕೊಂಡು ಬರಲಿ. ಆ ಬರಹಗಳನ್ನು ನಾಲ್ಕೂ ತಾಲ್ಲೂಕಿನ ಶಾಲೆಗಳು ಒಂದಕ್ಕೊಂದು ಅಂಚೆಯಲ್ಲಿ ಕಳಿಸಿಕೊಳ್ಳುವಂತಾದರೆ, ಮೊದಲ ಕಂತು ಕತ್ತಲಗೆರೆಯಿಂದ ಹೊರಡಲಿ.


ಕತ್ತಲಗೆರೆ, ಚನ್ನಗಿರಿ ತಾಲ್ಲೂಕು